ಹದಿನಾರು ಚೌಕದ ಹುಣ್ಣು

ನನ್ನ ಗಂಡನ ಕಾಲಿನ ಹುಣ್ಣಿಗೆ ಒಂದೂವರೆ ವರ್ಷ ವಯಸ್ಸಾಗಿತ್ತು. ಅಷ್ಟರಲ್ಲಿ ಒಂದು ಕೂಸು ಹುಟ್ಟಿ, ಹಲ್ಲು ಬಂದು, ಎದ್ದು ನಡೆದು, ಕೈಗೆ ಸಿಕ್ಕಿದ್ದನ್ನೆಲ್ಲ ಎಳೆದು ಬೀಳಿಸುವ ಮಟ್ಟಕ್ಕೆ ಬೆಳೆದಿರುತ್ತದೆ. ಇದು ಮಾತ್ರ ಎಡಗಾಲಿನ ಹರಡಿನ ಒಳಮಗ್ಗುಲಲ್ಲಿ, ಹೊರಡುವ ಮಾತೇ ಎತ್ತದ ನೆಂಟನ ಹಾಗೆ ಕೂತುಬಿಟ್ಟಿತ್ತು. ಹಚ್ಚದ ಮುಲಾಮಿಲ್ಲ, ಕಟ್ಟದ ಬಟ್ಟೆಯಿಲ್ಲ, ನುಂಗದ ಮಾತ್ರೆಯಿಲ್ಲ. ನನಗೆ ಸಾಕುಸಾಕಾಗಿ ಹೋಗಿತ್ತು. ಸಿಟ್ಟು ಹುಣ್ಣಿನ ಮೇಲಲ್ಲ, ಹುಣ್ಣಿಗೇನು ಬುದ್ಧಿಯೇ? ಸಿಟ್ಟು ಅದನ್ನು ಹೊತ್ತುಕೊಂಡು ನಿಂತಿದ್ದ ಮನುಷ್ಯನ ಮೇಲೆ.

ನಿಂತಿದ್ದ ಎಂದೆನಲ್ಲ, ರೋಗದ ಬೇರು ಇರುವುದು ಅಲ್ಲೇ. ಇವರು ಕಟಿಂಗ್ ಮಾಸ್ತರು. ಬೀದಿಗೆ ಮುಖ ಮಾಡಿದ ಸಣ್ಣ ಟೈಲರಿಂಗ್ ಅಂಗಡಿ ನಮ್ಮದು, ಹಿಂದೆ ಎರಡು ಕೋಣೆಯ ಮನೆ. ಅಳತೆ ತೆಗೆಯುವುದು, ಬಟ್ಟೆಯ ಮೇಲೆ ಸೀಮೆಸುಣ್ಣದ ಚಾಕಿನಲ್ಲಿ ಗೆರೆ ಎಳೆಯುವುದು, ಕತ್ತರಿಸುವುದು ಅವರ ಕೆಲಸ. ಹೊಲಿಗೆ, ಕಾಜಾ, ಗುಂಡಿ, ಹೆಮ್ಮಿಂಗ್, ಇಸ್ತ್ರಿ ನನ್ನದು. ನಲವತ್ತು ವರ್ಷದಿಂದ ಅವರು ಆ ಎತ್ತರದ ಮೇಜಿನ ಮುಂದೆ ನಿಂತೇ ಇದ್ದಾರೆ; ಮೂವತ್ತಾರು ವರ್ಷದಿಂದ ನಾನು ಅವರ ಬೆನ್ನು ನೋಡುತ್ತ ಮಿಷನ್ ತುಳಿಯುತ್ತಿದ್ದೇನೆ. ಕೂತು ಕತ್ತರಿಸಿ ಎಂದರೆ, "ಕೂತು ಕತ್ತರಿಸೋದು ತರಕಾರಿ ಕಣೇ, ಬಟ್ಟೆ ಅಲ್ಲ" ಎನ್ನುವರು.

ಅವರ ಇನ್ನೊಂದು ಚಾಳಿಯನ್ನೂ ಹೇಳಿಬಿಡುತ್ತೇನೆ. ಹೊಲಿಗೆ ಬೀಳಲು ಜಾಗ ಬೇಕೆಂದು ಎಲ್ಲ ಟೈಲರುಗಳೂ ಅಳತೆಗಿಂತ ಅರ್ಧ ಬೆರಳು ಹೆಚ್ಚಿಗೆ ಬಟ್ಟೆ ಬಿಟ್ಟು ಕತ್ತರಿಸುತ್ತಾರೆ. ಅದನ್ನು ಮಾರ್ಜಿನ್ ಎನ್ನುತ್ತೇವೆ. ಬೇರೆಯವರು ಎರಡು ಗೆರೆ ಎಳೆದುಕೊಳ್ಳುತ್ತಾರೆ, ಒಂದು ಅಳತೆಗೆ, ಒಂದು ಕತ್ತರಿಗೆ. ನಮ್ಮ ಮಾಸ್ತರದು ಒಂದೇ ಗೆರೆ, ಮಾರ್ಜಿನ್ ಸೇರಿಸಿಕೊಂಡೇ ಬೀಳುವ ಗೆರೆ. ಅದೊಂದು ದೊಡ್ಡಸ್ತಿಕೆ. ಬಟ್ಟೆಗೆ ಬಿಟ್ಟರೆ ಸರಿ, ಈ ಮನುಷ್ಯ ಬಾಳಿಗೆಲ್ಲ ಮಾರ್ಜಿನ್ ಬಿಡುತ್ತಾರೆ. ಹತ್ತು ಗಂಟೆಯ ಬಸ್ಸಿಗೆ ಒಂಬತ್ತಕ್ಕೇ ಹೋಗಿ ನಿಲ್ಲಬೇಕು. ಇಬ್ಬರು ನೆಂಟರು ಬರುತ್ತಾರೆಂದರೆ ಐದು ಕುರ್ಚಿ ಹಾಕಬೇಕು. ಹೇಳಿ ಹೇಳಿ ನನ್ನ ಬಾಯಿಗೆ ನೋವು ಬಂದಿದ್ದೇ ಲಾಭ.

ಬೀದಿಯ ಡಾಕ್ಟರು ಕೈಚೆಲ್ಲಿದ ಮೇಲೆ ದೊಡ್ಡಾಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರಮ್ಮ ಕಾಲನ್ನು ತಿರುಗಿಸಿ ನೋಡಿ ಹೇಳಿದರು, "ನಿಂತು ನಿಂತು ರಕ್ತನಾಳ ಸೋತುಹೋಗಿವೆ. ಕೆಳಗೆ ಇಳಿದ ರಕ್ತ ಮೇಲೆ ಹತ್ತೋದಿಲ್ಲ. ನೀರು ನಿಂತ ಕಡೆ ಗೋಡೆ ಉದುರೋ ಹಾಗೆ ಚರ್ಮ ಉದುರ್ತಾ ಇದೆ."

ನಾನು ಇವರ ಮುಖ ನೋಡಿದೆ. ಇವರು ಗೋಡೆಯ ಕ್ಯಾಲೆಂಡರ್ ನೋಡಿದರು.

"ನಮ್ಮಲ್ಲಿ ಒಂದು ಹೊಸ ದೀಪ ಬಂದಿದೆ" ಎಂದರು ಡಾಕ್ಟರಮ್ಮ. "ಕೆಂಪು ಬೆಳಕು. ಪಟ್ಟಿ ಬಿಚ್ಚಿದಾಗೆಲ್ಲ ಗಾಯದ ಮೇಲೆ ಹತ್ತು ನಿಮಿಷ ಬಿಡಬೇಕು. ಹೊಸ ಚರ್ಮ ಬೆಳೆಯೋಕೆ ಅದರಿಂದ ಸಹಾಯ ಆಗಬಹುದು. ಆಗಬಹುದು ಅಂದೆ, ಆಗುತ್ತೆ ಅನ್ನಲಿಲ್ಲ. ಪರೀಕ್ಷೆ ಮಾಡಿ ನೋಡ್ತಾ ಇದೀವಿ. ಬೆಳಕೊಂದೇ ಏನೂ ಮಾಡಲ್ಲ. ಬಿಗಿ ಪಟ್ಟಿ ಕಟ್ಟಬೇಕು, ಕಾಲು ಎತ್ತಿ ಇಡಬೇಕು, ಮುಖ್ಯವಾಗಿ ನಿಲ್ಲಬಾರದು."

ಅವರ ಬಳಿ ಇದ್ದದ್ದು ನಾಲ್ಕೇ ದೀಪ, ಕಾಯುತ್ತಿದ್ದವರ ಪಟ್ಟಿ ಉದ್ದ. ಆದ್ದರಿಂದ ಕರಾರು ಖಡಾಖಂಡಿತವಾಗಿತ್ತು. ದೀಪ ಎಂಟು ವಾರ ಮನೆಯಲ್ಲಿರುತ್ತದೆ. ಅಷ್ಟರಲ್ಲಿ ಹುಣ್ಣು ಮೊದಲ ದಿನದ್ದಕ್ಕಿಂತ ಮೂರನೇ ಒಂದು ಪಾಲಾದರೂ ಕುಗ್ಗಿದರೆ, ಪೂರ್ತಿ ಮುಚ್ಚುವವರೆಗೆ ದೀಪ ನಮ್ಮದು. ಕುಗ್ಗದಿದ್ದರೆ ಅದು ಮುಂದಿನವರಿಗೆ. ಇವರಿಗೆ ತೊಡೆಯ ಚರ್ಮ ತೆಗೆದು ಹುಣ್ಣಿನ ಮೇಲೆ ಕೂರಿಸುವ ಆಪರೇಷನ್.

"ಅಂದ್ರೆ ತೇಪೆ" ಎಂದರು ಮಾಸ್ತರು, ಮುಖ ಸಣ್ಣದು ಮಾಡಿಕೊಂಡು. "ನಲವತ್ತು ವರ್ಷ ನನ್ನ ಅಂಗಡೀಲಿ ಒಂದು ತೇಪೆ ಹಾಕಿಲ್ಲ ಡಾಕ್ಟ್ರೇ. ಈಗ ನನಗೇ ಹಾಕ್ತೀರಾ?"

ನಗು ಬರಿಸುವ ಮಾತು. ಆದರೆ ಅವರ ಕೈ ನನ್ನ ಸೆರಗಿನ ತುದಿಯನ್ನು ಹಿಡಿದುಕೊಂಡಿತ್ತು. ಸೂಜಿ ಕತ್ತರಿಗಳ ನಡುವೆ ಬಾಳಿದ ಈ ಮನುಷ್ಯನಿಗೆ ತನ್ನ ಮೈ ಮೇಲೆ ಕತ್ತರಿ ಬೀಳುವುದೆಂದರೆ ಅಷ್ಟು ಹೆದರಿಕೆ ಎಂದು ನನಗೆ ಅವತ್ತು ಗೊತ್ತಾಯಿತು.

ಹುಣ್ಣನ್ನು ಅಳೆಯುವ ಕ್ರಮವನ್ನು ಸಿಸ್ಟರ್ ತೋರಿಸಿದರು. ಚೌಕಳಿ ಮುದ್ರಿಸಿದ, ಗಾಜಿನಂಥ ತೆಳು ಹಾಳೆ, ಎರಡು ಪದರದ್ದು. ಗಾಯದ ಮೇಲಿಟ್ಟು ಅಂಚಿನ ಗುಂಟ ಪೆನ್ನಿನಲ್ಲಿ ಗೆರೆ ಎಳೆಯಬೇಕು. ಗಾಯಕ್ಕೆ ತಾಗಿದ ಪದರ ಎಸೆದು, ಗೆರೆ ಇರುವ ಪದರ ಇಟ್ಟುಕೊಳ್ಳಬೇಕು. ಗೆರೆಯ ಒಳಗೆ ಎಷ್ಟು ಚೌಕ ಬಿತ್ತೋ ಅಷ್ಟು ದೊಡ್ಡ ಹುಣ್ಣು. ಅವತ್ತು ಸಿಸ್ಟರ್ ಎಣಿಸಿದಾಗ ಹದಿನಾರು ಚೌಕ.

"ಪ್ರತಿ ಭಾನುವಾರ ಮನೇಲಿ ನೀವೇ ಹೀಗೆ ಎಳೆದು, ತಾರೀಖು ಬರೆದು ಇಡಿ. ಮಂಗಳವಾರ, ಶುಕ್ರವಾರ ಪಟ್ಟಿ ಕಟ್ಟೋಕೆ ಬರೋ ಸಿಸ್ಟರ್ ತಗೊಂಡು ಬಂದು ಇಲ್ಲಿ ಕೊಡ್ತಾರೆ."

ಮಾಸ್ತರು ನನ್ನ ಕಿವಿಯಲ್ಲಿ, "ಗೆರೆ ಎಳೆಯೋದನ್ನ ನನಗೆ ಕಲಿಸ್ತಾ ಇದಾರಲ್ಲೇ" ಎಂದರು.

ದೀಪ ಮನೆಗೆ ಬಂತು. ನಮ್ಮ ಹೊಲಿಗೆ ಮಿಷನ್ನಿನ ತಲೆಯಷ್ಟೇ ದೊಡ್ಡದು, ಬಗ್ಗುವ ಕತ್ತು. ಹಾಕಿದರೆ ಕೋಣೆಯೆಲ್ಲ ಕೆಂಪು. ಹತ್ತು ನಿಮಿಷ ನಾವಿಬ್ಬರೂ ಕಪ್ಪು ಕನ್ನಡಕ ಹಾಕಿಕೊಂಡು ಒಬ್ಬರಿಗೊಬ್ಬರು ಎದುರಾಗಿ ಕೂರಬೇಕು. ಮೂರನೆಯ ದಿನಕ್ಕೆ ಅತ್ತಿಗೆ, ಅಂದರೆ ಇವರ ಅಕ್ಕ, ಸುದ್ದಿ ಕೇಳಿ ಬಂದರು. ನೋಡಿದ ಮೊದಲ ಮಾತೇ, "ಬೆಳಕಲ್ಲಿ ವಾಸಿ ಆಗೋದಾದ್ರೆ ಮಹಡಿ ಮೇಲೆ ಬಿಸಿಲಲ್ಲಿ ಕಾಲು ಚಾಚಿ ಕೂತ್ಕೋಬಾರದೇನೋ? ಅದಕ್ಕೆ ಈ ಪಾಟಿ ಸಂಭ್ರಮ ಯಾಕೆ?"

ಎರಡನೆಯ ಮಾತು, "ನನ್ನ ಮಂಡಿಗೂ ಸ್ವಲ್ಪ ತೋರಿಸು."

"ಅತ್ತಿಗೆ, ಇದು ಹುಣ್ಣಿಗೆ, ಮಂಡಿಗಲ್ಲ."

"ಇರ್ಲಿ ಬಿಡೇ, ಬೆಳಕೇನು ಸವೆದು ಹೋಗುತ್ತಾ?"

ಅಂದಿನಿಂದ ವಾರಕ್ಕೆ ಮೂರು ಸಲ ಅವರೂ ಹಾಜರು. ಆ ಕಡೆ ನನ್ನ ಗಂಡನ ಹುಣ್ಣು, ಈ ಕಡೆ ಅವರಕ್ಕನ ಮಂಡಿ, ನಡುವೆ ಕಪ್ಪು ಕನ್ನಡಕ ಹಾಕಿ ಮಂಡಿಯನ್ನು ಹಿಂದಕ್ಕೆ ತಳ್ಳುವ ನಾನು. ಮೂರು ದಿನದಲ್ಲಿ ನನ್ನ ತಲೆ ಚಿಟ್ಟು ಹಿಡಿಯಿತು.

ಮೊದಲ ಭಾನುವಾರ ಗೆರೆ ಎಳೆಯಲು ಹಾಳೆ ತಂದೆ. ಮಾಸ್ತರು ಕೈಯಿಂದ ಕಿತ್ತುಕೊಂಡರು. "ಗೆರೆ ನನ್ನ ಕೆಲಸ. ನೀನು ಹೋಗಿ ಕಾಜಾ ನೋಡು." ಸರಿ, ಮೂವತ್ತಾರು ವರ್ಷದಿಂದ ಅವರು ಎಳೆದ ಗೆರೆಯ ಮೇಲೇ ನಡೆದವಳು ನಾನು, ಇದರಲ್ಲಿ ಏನು ಬಂತೆಂದು ಹೋದೆ. ಕುರ್ಚಿಯಲ್ಲಿ ಕೂತು, ಎಡಗಾಲನ್ನು ಬಲತೊಡೆಯ ಮೇಲೆ ಏರಿಸಿಕೊಂಡು, ಉಸಿರು ಬಿಗಿಹಿಡಿದು ಅವರೇ ಎಳೆದರು. ನಾನು ಚೌಕ ಎಣಿಸಿದೆ. ಇನ್ನೊಮ್ಮೆ ಎಣಿಸಿದೆ.

ಇಪ್ಪತ್ತಾರು.

ಹದಿನಾರು ಇದ್ದದ್ದು ಒಂದು ವಾರದಲ್ಲಿ ಇಪ್ಪತ್ತಾರು! ನನಗೆ ಕೋಪ ನೆತ್ತಿಗೇರಿತು. ಯಾಕೆಂದರೆ ಆ ಗುರುವಾರದ ಕಥೆ ನನ್ನ ಹೊಟ್ಟೆಯಲ್ಲಿತ್ತು.

ಆ ವಾರ ಒಂದು ವಾದ್ಯಗೋಷ್ಠಿಯವರ ಹನ್ನೆರಡು ಕೋಟುಗಳ ಕೆಲಸ ಬಂದಿತ್ತು. ನಾನು ಬೇಡವೆಂದೆ, ಇವರು ಒಪ್ಪಿಕೊಂಡರು. ಗುರುವಾರ ಮಧ್ಯಾಹ್ನ ನೂಲು, ಗುಂಡಿ ತರಲು ಹೊರಗೆ ಹೋದವಳು ಎರಡು ತಾಸು ಬಿಟ್ಟು ಬಂದು ನೋಡಿದರೆ, ಹನ್ನೆರಡಕ್ಕೆ ಹನ್ನೆರಡೂ ಕೋಟಿನ ತೋಳುಗಳು ಕತ್ತರಿಸಿ ಮೇಜಿನ ಮೇಲೆ! ಮಾಸ್ತರು ಕಾಲನ್ನು ಎದುರಿನ ಕುರ್ಚಿಯ ಮೇಲಿಟ್ಟುಕೊಂಡು, ಏನೂ ಅರಿಯದ ಮಗುವಿನಂತೆ ಕೂತಿದ್ದರು.

"ನಿಂತು ಕತ್ತರಿಸಿದ್ರಾ?"

"ಇಲ್ವೇ, ಕೂತೇ ಕತ್ತರಿಸಿದೆ."

ನಾನು ನಕ್ಕೆ. ತರಕಾರಿಯ ಮಾತಾಡುತ್ತಿದ್ದ ಮನುಷ್ಯ! ತೋಳುಗಳನ್ನು ಎಣಿಸುತ್ತ ಹೋದರೆ ಕೊನೆಯ ಒಂದು ತೋಳು ಸೊಟ್ಟ. ಭುಜಕ್ಕೆ ಕೂರುವ ಕಡೆ ಗೆರೆ ಜಾರಿ ಕೆಳಗಿಳಿದಿತ್ತು. ಅವರ ಕೈಯಲ್ಲಿ ಅಂಥ ತೋಳನ್ನು ನಾನು ಎಂದೂ ಕಂಡಿರಲಿಲ್ಲ. "ನೋಡಿ, ಕದ್ದು ಮಾಡಿದ ಕೆಲಸ ಹೀಗೇ. ನಾನು ಬಂದುಬಿಡ್ತೀನಿ ಅಂತ ಅವಸರದಲ್ಲಿ ಕತ್ತರಿಸಿದೀರ" ಎಂದು ಅದನ್ನು ಅವರ ಮೂಗಿನ ಮುಂದೆ ಆಡಿಸಿ, ಚೂರುಬಟ್ಟೆಯ ಮೂಟೆಗೆ ಎಸೆದೆ. ಬೇರೆ ತೋಳಿಗೆ ಬಟ್ಟೆ ಸಾಲದೆ ಮತ್ತೆ ಹೋಗಿ ತಂದೆ.

ಈಗ ಇಪ್ಪತ್ತಾರು ಚೌಕ. ಇನ್ನು ಸಾಕ್ಷಿ ಬೇಕೇ?

"ನಿಂತ್ರಿ, ಕೆಡಿಸಿಕೊಂಡ್ರಿ! ಹನ್ನೆರಡು ಕೋಟಿಗೆ ಹತ್ತು ಚೌಕ!"

"ನಾನು ನಿಂತಿಲ್ಲ ಕಣೇ."

"ಹುಣ್ಣು ಸುಳ್ಳು ಹೇಳುತ್ತಾ ಹಾಗಾದ್ರೆ?"

ಅವರು ತಲೆ ತಗ್ಗಿಸಿ ಹಾಳೆಯ ಮೇಲೆ ತಾರೀಖು ಬರೆಯತೊಡಗಿದರು. ತಪ್ಪು ಮಾಡಿದವರು ತಲೆ ತಗ್ಗಿಸುತ್ತಾರೆಂದು ನಾನು ತಿಳಿದೆ. ಪಟ್ಟಿ ಕಟ್ಟಲು ಬಂದ ಸಿಸ್ಟರ್ ಹಾಳೆ ನೋಡಿ ಹುಬ್ಬು ಗಂಟಿಕ್ಕಿ, "ಸತ್ತ ಚರ್ಮ ಎಲ್ಲ ಹೋಗುವಾಗ ಮೊದಮೊದಲು ದೊಡ್ಡದಾಗಿ ಕಾಣೋದುಂಟು. ಆದ್ರೂ ಇಷ್ಟೊಂದು..." ಎಂದರು. ಹೇಳದೆ ಬಿಟ್ಟಿದ್ದನ್ನು ನಾನೇ ತುಂಬಿಸಿಕೊಂಡೆ.

ಅಲ್ಲಿಂದ ಶುರುವಾಯಿತು ನನ್ನ ಪಹರೆ. ಅವರ ಕುರ್ಚಿಯ ನಾಲ್ಕು ಕಾಲಿನ ಸುತ್ತ ಚಾಕಿನಲ್ಲಿ ನೆಲದ ಮೇಲೆ ಗುರುತು ಹಾಕಿದೆ, ಸರಿದರೆ ಗೊತ್ತಾಗಲೆಂದು. ಹೊರಗೆ ಹೋಗುವಾಗ ದೊಡ್ಡ ಕತ್ತರಿಯನ್ನು ನನ್ನ ಚೀಲದಲ್ಲೇ ಹಾಕಿಕೊಂಡು ಹೋದೆ. ನೂಲಿನ ಅಂಗಡಿಯವನು ಚೀಲದಿಂದ ಮೂತಿ ಚಾಚಿದ ಕತ್ತರಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಅತ್ತಿಗೆಯನ್ನೂ ಕಾವಲಿಗೆ ನೇಮಿಸಿದೆ. ಅವರು ಕಾವಲು ಕಾಯುತ್ತ ನಿದ್ದೆ ಮಾಡಿದರು. ಮಾಸ್ತರು ಕಾಲು ಎತ್ತಿಟ್ಟುಕೊಂಡು, ಕಿಟಕಿಯಾಚೆ ಹೋಗುವವರ ಭುಜಗಳನ್ನು ಕಣ್ಣಲ್ಲೇ ಅಳೆಯುತ್ತ ಕೂತರು. ಬಟ್ಟೆ ಕತ್ತರಿಸಿಕೊಡಲು ಮುಂದಿನ ಬೀದಿಯ ಇನ್ನೊಬ್ಬ ಮಾಸ್ತರನ್ನು ಕರೆಸಬೇಕಾಯಿತು. ಅವನು ನಮ್ಮವರ ಮೇಜಿನ ಮುಂದೆ ನಿಂತಾಗ ಇವರು ಮುಖ ಆಚೆ ತಿರುಗಿಸಿಕೊಂಡರು.

ಒಂದು ಸಲ ಊಟದ ಹೊತ್ತಿನಲ್ಲಿ, "ನಿಜವಾಗ್ಲೂ ಕೂತೇ ಕತ್ತರಿಸಿದ್ದು ಕಣೇ ಅವತ್ತು" ಎಂದರು. ನಾನು ಕಿರುಚಿದೆ. ಇನ್ನೊಂದು ಸಲ ದೀಪದ ಮುಂದೆ ಕೂತಾಗ ಅದೇ ಮಾತು. ಕನ್ನಡಕ ತೆಗೆದಿಟ್ಟು ಎದ್ದು ಹೋದೆ. ಆಮೇಲೆ ಅವರು ಆ ಮಾತು ಎತ್ತಲಿಲ್ಲ.

ಭಾನುವಾರಗಳು ಕಳೆದವು. ಇಪ್ಪತ್ತೈದು, ಇಪ್ಪತ್ತಮೂರು, ಇಪ್ಪತ್ತೆರಡು, ಇಪ್ಪತ್ತು, ಹದಿನೆಂಟು, ಹದಿನೇಳು. ಇಳಿಯುತ್ತಿತ್ತು, ಆದರೆ ಹೊರಟ ಜಾಗಕ್ಕೇ ಇನ್ನೂ ಬಂದಿರಲಿಲ್ಲ. ಒಮ್ಮೊಮ್ಮೆ ಪಟ್ಟಿ ಬಿಚ್ಚಿದಾಗ ನನ್ನ ಕಣ್ಣಿಗೆ ಹುಣ್ಣು ಚಿಕ್ಕದಾದಂತೆ, ಅಂಚಿನಲ್ಲಿ ಎಳೆಯ ಗುಲಾಬಿ ಚರ್ಮ ಕೂತಂತೆ ಕಾಣುತ್ತಿತ್ತು. ಆದರೆ ದಿನಾ ನೋಡುವ ಕಣ್ಣಿಗೆ ಮಗು ಬೆಳೆದದ್ದೇ ಕಾಣುವುದಿಲ್ಲ, ಇನ್ನು ಹುಣ್ಣು ಕುಗ್ಗಿದ್ದು ಕಂಡೀತೇ? ಆಸೆಗೆ ಹಾಗೆ ಕಾಣುತ್ತಿದೆ ಎಂದುಕೊಂಡೆ. ಹಾಳೆಯ ಲೆಕ್ಕ ಇದ್ದೇ ಇತ್ತಲ್ಲ. ಎಂಟನೆಯ ಭಾನುವಾರ ಹದಿನೈದು. ಎಂಟು ವಾರದ ಬೆಳಕಿಗೆ, ಎಂಟು ವಾರದ ಜಗಳಕ್ಕೆ, ಒಂದೇ ಒಂದು ಚೌಕ!

ಮಂಗಳವಾರ ದೀಪವನ್ನು ಪೆಟ್ಟಿಗೆಗೆ ತುಂಬಿ ಆಸ್ಪತ್ರೆಗೆ ಹೊರಟೆವು. ಒಂದು ತಾಸು ಮುಂಚೆಯೇ ಹೋದೆವು ಎಂದು ಬೇರೆ ಹೇಳಬೇಕಿಲ್ಲ. ಬಸ್ಸಿನಿಂದ ಇಳಿಯುವಾಗ ಅವರು ಮೆಲ್ಲಗೆ, "ತೇಪೆ ಹಾಕುವಾಗ ನೀನು ಒಳಗೆ ಇರ್ತೀಯಾ?" ಎಂದು ಕೇಳಿದರು. ಇರ್ತೀನಿ ಎನ್ನಬೇಕಿತ್ತು. ಬಾಯಿಗೆ ಬಂದದ್ದು, "ನಿಂತುಕೊಳ್ಳುವಾಗ ಕೇಳಿದ್ರಾ ನನ್ನ?" ಎಂಬ ಮಾತು. ಈ ಬಾಯಿಗೆ ಬೆಂಕಿ ಹಾಕ.

ವಿಭಾಗದ ಹೊರಗೆ ಬೆಂಚಿನ ಮೇಲೆ ಒಬ್ಬ ಟ್ರಾಫಿಕ್ ಪೊಲೀಸಿನವನು ಪಟ್ಟಿ ಕಟ್ಟಿದ ಕಾಲು ಚಾಚಿ ಕೂತಿದ್ದ. ನಮ್ಮ ಕೈಯ ಪೆಟ್ಟಿಗೆ ನೋಡಿ ಕಣ್ಣರಳಿಸಿದ. "ಅದೇ ದೀಪಾನಾ? ನನ್ನ ಸರದಿ ಇವತ್ತು ಅಂದಿದಾರೆ. ಇಪ್ಪತ್ತು ವರ್ಷ ನಡುರಸ್ತೇಲಿ ನಿಂತ ಕಾಲು ಇದು. ನಿಮ್ಮದು?"

"ನಲವತ್ತು" ಎಂದರು ಮಾಸ್ತರು. ಅಂಥ ಹೊತ್ತಿನಲ್ಲೂ ಆ ದನಿಯಲ್ಲಿ ಹೆಮ್ಮೆ! ಹಣೆ ಹಣೆ ಚಚ್ಚಿಕೊಳ್ಳಬೇಕೆನಿಸಿತು.

ಒಳಗೆ, ಮೊದಲ ದಿನ ಅಳೆದ ಸಿಸ್ಟರೇ ಇದ್ದರು. ಕೊನೆಯ ದಿನದ ಅಳತೆ ಆಸ್ಪತ್ರೆಯದೇ ಆಗಬೇಕಂತೆ. ಪಟ್ಟಿ ಬಿಚ್ಚಿ, ತೊಳೆದು, ಹಾಳೆ ಇಟ್ಟು, ಗೆರೆ ಎಳೆದು, ಎಣಿಸಿದರು. ಆಮೇಲೆ ಒಮ್ಮೆ ನಮ್ಮ ಮುಖ ನೋಡಿ ಮತ್ತೆ ಎಣಿಸಿ, "ಡಾಕ್ಟ್ರೇ, ಏಳು ಬರ್ತಾ ಇದೆ" ಎಂದರು.

ಡಾಕ್ಟರಮ್ಮ ನಮ್ಮ ಕಡತದಿಂದ ತಲೆ ಎತ್ತಲಿಲ್ಲ. "ಭಾನುವಾರ ಹದಿನೈದು ಇತ್ತು. ಎರಡೇ ದಿನದಲ್ಲಿ ಹದಿನೈದು ಏಳಾಗಲ್ಲ ಸಿಸ್ಟರ್. ಒಂದೋ ಅದು ತಪ್ಪು, ಇಲ್ಲ ಇದು ತಪ್ಪು. ಮನೆಯ ಎಂಟು ಹಾಳೆ ಒಂದೇ ಸಮ ಇಳಿದಿದೆ, ನೋಡಿ. ಇದೊಂದೇ ಎಲ್ಲೋ ಜಿಗಿದ ಹಾಗಿದೆ. ಎಂಟರ ಮಾತು ನಂಬಬೇಕೋ, ಒಂದರ ಮಾತೋ?"

ಏಳು! ಮೂರನೇ ಒಂದಲ್ಲ, ಅರ್ಧಕ್ಕಿಂತ ಹೆಚ್ಚು ಕುಗ್ಗಿದೆ ಎಂದಾಯಿತು. "ಮನೆಯ ಹಾಳೆ ತಪ್ಪಿರಬೇಕು ಡಾಕ್ಟ್ರೇ, ಇವರೇ ಎಳೆದದ್ದು, ವಯಸ್ಸಾಯ್ತು, ಕೈ ನಡುಗಿರುತ್ತೆ..." ಎಂದು ಶುರುಮಾಡಿದೆ.

"ನನ್ನ ಕೈ ನಡುಗಲ್ಲ!"

ಮಾಸ್ತರು. ಮಂಚದ ಮೇಲೆ ಕಾಲು ಚಾಚಿ ಮಲಗಿದ್ದವರು ಎದ್ದು ಕೂತಿದ್ದರು. "ನಲವತ್ತು ವರ್ಷ ಗೆರೆ ಎಳೆದಿದೀನಿ. ಒಬ್ಬ ಬಂದು ನಿಮ್ಮ ಗೆರೆ ತಪ್ಪು ಅಂದಿಲ್ಲ. ಹದಿನೈದು ಅಂದ್ರೆ ಹದಿನೈದೇ. ಸಿಸ್ಟರ್ ಗೆರೆಯೇ ಒಳಗೆ ಜಾರಿರಬೇಕು."

ಅಯ್ಯೋ ದೇವರೇ! ದೀಪ ಉಳಿಯುತ್ತದೆ, ತೇಪೆ ತಪ್ಪುತ್ತದೆ, ಬಾಗಿಲಿನವರೆಗೆ ಬಂದ ಭಾಗ್ಯವನ್ನು ಈ ಮನುಷ್ಯ ಕಾಲಿನಿಂದ ಒದೆಯುತ್ತಿದ್ದಾರೆ, ಅದೂ ಹುಣ್ಣಾದ ಕಾಲಿನಿಂದ!

"ರೀ, ಬಾಯಿ ಮುಚ್ಚಿ ಕೂತ್ಕೊಳ್ತೀರಾ?"

"ನೀನು ಸುಮ್ನಿರೇ. ಬೇಕಾದ್ರೆ ನನ್ನ ಕಾಲು ಕತ್ತರಿಸ್ಲಿ, ಗೆರೆ ತಪ್ಪು ಅನ್ನೋದು ಬೇಡ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅವರೇ ಹೇಳ್ತಿದಾರಲ್ಲ" ಎಂದರು ಸುಸ್ತಾದ ದನಿಯಲ್ಲಿ.

ನಾನು ಮೇಜಿನಿಂದ ಎರಡೂ ಹಾಳೆಗಳನ್ನು ಎತ್ತಿಕೊಂಡೆ. ಯಾಕೆ ಎತ್ತಿಕೊಂಡೆನೋ, ಹರಿದು ಎಸೆಯಬೇಕೆಂದೋ ಏನೋ, ಅಷ್ಟು ಉರಿಯುತ್ತಿತ್ತು. ಸಿಸ್ಟರ ಹಾಳೆ ಕೆಳಗೆ, ಭಾನುವಾರದ ಹಾಳೆ ಮೇಲೆ ಬಂತು. ಕಿಟಕಿಯ ಬೆಳಕಿಗೆ ಹಿಡಿದೆ. ಒಳಗೆ ಸಿಸ್ಟರ ಚಿಕ್ಕ ಗೆರೆ, ಹೊರಗೆ ಮಾಸ್ತರ ದೊಡ್ಡ ಗೆರೆ. ಎರಡರ ಆಕಾರವೂ ಒಂದೇ, ಮೂಲೆಗೆ ಮೂಲೆ, ಡೊಂಕಿಗೆ ಡೊಂಕು. ಎರಡರ ನಡುವೆ ಸುತ್ತಲೂ ಒಂದೇ ಅಗಲದ ಖಾಲಿ ಜಾಗ, ಎಲ್ಲಿಯೂ ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ಆ ಅಗಲ ನನಗೆ ಗೊತ್ತು. ಅಳೆಯಬೇಕಾಗಿಯೇ ಇಲ್ಲ. ಮೂವತ್ತಾರು ವರ್ಷ ಅದನ್ನೇ ಹೆಬ್ಬೆರಳಿನಿಂದ ಮಡಚಿ, ಸೂಜಿಯ ಕೆಳಗೆ ತಳ್ಳಿದ್ದೇನೆ. ಅರ್ಧ ಬೆರಳು.

"ರೀ" ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. "ಹುಣ್ಣಿಗೆ ಮಾರ್ಜಿನ್ ಬಿಟ್ಟಿದೀರಲ್ರೀ!"

"ಏನು?"

ಹಾಳೆಗಳನ್ನು ಅವರ ಕೈಗೆ ಕೊಟ್ಟೆ. ನೋಡಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ತೋರುಬೆರಳು ಆ ಖಾಲಿ ಜಾಗದ ಗುಂಟ ತಾನಾಗಿ ಹೋಯಿತು, ಬಟ್ಟೆಯ ಮೇಲೆ ಹೋಗುವ ಹಾಗೇ. ಕಿವಿಯ ತುದಿಯವರೆಗೆ ಕೆಂಪಾದರು.

"ಬಿಡದೆ ಎಳೆಯೋಕೆ ಕೈಗೆ ಬರಲ್ಲ ಡಾಕ್ಟ್ರೇ" ಎಂದರು, ತಪ್ಪು ಮಾಡಿದ ಹುಡುಗನ ಹಾಗೆ. "ಅಳತೆಗೆ ಸರಿಯಾಗಿ ಕತ್ತರಿಸಿದ್ರೆ ಹೊಲಿಯೋಕೆ ಏನೂ ಉಳಿಯಲ್ಲ."

ಹುಟ್ಟುಗುಣ ಸುಟ್ಟರೂ ಹೋಗದು ಅಂದವರು ಸುಮ್ಮನೆ ಅಂದಿಲ್ಲ. ಡಾಕ್ಟರಮ್ಮನಿಗೆ ನಾನೇ ಬಿಡಿಸಿ ಹೇಳಿದೆ, ಮಾರ್ಜಿನ್ ಎಂದರೇನು, ಒಂದೇ ಗೆರೆಯ ದೊಡ್ಡಸ್ತಿಕೆ ಎಂದರೇನು, ಎಲ್ಲ. ಅವರು ಎಂಟೂ ಹಾಳೆ ಹರಡಿ, ಪ್ರತಿಯೊಂದರಲ್ಲೂ ಗೆರೆಯಿಂದ ಅರ್ಧ ಬೆರಳು ಒಳಗೆ ಸಿಸ್ಟರ್ ಕೈಲಿ ಇನ್ನೊಂದು ಗೆರೆ ಎಳೆಸಿದರು. ಮೊದಲ ಭಾನುವಾರದ ಇಪ್ಪತ್ತಾರು ಹದಿನೈದಕ್ಕೆ ಬಂತು. ಅಲ್ಲಿಂದ ವಾರವಾರವೂ ಇಳಿದು, ಮೊನ್ನೆಯದು ಏಳು. ಆಮೇಲೆ ತಾವೇ ಕೈಗವಸು ತೊಟ್ಟು ಹುಣ್ಣನ್ನು ಅಳೆದರು. ಏಳೇ.

"ಬೆಳಕಿಂದಲೋ, ಪಟ್ಟಿಯಿಂದಲೋ, ಕಾಲು ಎತ್ತಿಟ್ಟಿದ್ದರಿಂದಲೋ ಈಗಲೇ ಹೇಳೋಕಾಗಲ್ಲ" ಎಂದರು. "ಆದ್ರೆ ಒಂದಂತೂ ನಿಜ. ಮೊದಲ ವಾರದಿಂದಲೇ ಒಂದೇ ಸಮ ಕುಗ್ಗಿದೆ. ಮಧ್ಯ ಎಲ್ಲೂ ಕೆಟ್ಟಿಲ್ಲ. ನಿಂತವರ ಹುಣ್ಣು ಹೀಗೆ ಕುಗ್ಗಲ್ಲ. ನೀವು ತುಂಬ ಚೆನ್ನಾಗಿ ಕೂತಿದೀರ ಮಾಸ್ತರೇ. ದೀಪ ವಾಪಸ್ ತಗೊಂಡು ಹೋಗಿ. ಗೆರೆ ಮಾತ್ರ ಇನ್ಮೇಲೆ ನಿಮ್ಮ ಮನೆಯವರು ಎಳೀಲಿ."

ಹೊರಗೆ ಪೊಲೀಸಿನವನು ಪೆಟ್ಟಿಗೆ ನಮ್ಮ ಕೈಯಲ್ಲೇ ಇದ್ದದ್ದು ನೋಡಿ ಮುಖ ಇಳಿಬಿಟ್ಟ. "ಇಷ್ಟು ವರ್ಷ ಊರಿನವರಿಗೆಲ್ಲ ನಿಲ್ಲಿ ಅಂತ ಕೈ ತೋರಿಸಿದ್ದಕ್ಕೆ ಈಗ ನನ್ನ ನಿಲ್ಲಿಸ್ತಾ ಇದಾರೆ" ಎಂದ. ಮಾಸ್ತರು ಅವನ ಪಕ್ಕ ಕೂತು, ಹುಣ್ಣು ಮುಚ್ಚಿದ ದಿನವೇ ದೀಪ ತಾವೇ ತಂದು ಕೊಡುವುದಾಗಿ ಹೇಳಿ, ಅವನ ಪ್ಯಾಂಟಿನ ಹೊಲಿಗೆ ಹಿಡಿದು ನೋಡಿ, "ಯಾರು ಕತ್ತರಿಸಿದ್ದು ಇದನ್ನ? ಮಾರ್ಜಿನ್ನೇ ಬಿಟ್ಟಿಲ್ಲ" ಎಂದರು.

ಅವರು ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಡಾಕ್ಟರಮ್ಮನ ಒಂದು ಮಾತು ಬಸ್ಸಿನುದ್ದಕ್ಕೂ ತಲೆಯಲ್ಲಿ ಕೊರೆಯುತ್ತಿತ್ತು. ಮಧ್ಯ ಎಲ್ಲೂ ಕೆಟ್ಟಿಲ್ಲ. ನಿಂತವರ ಹುಣ್ಣು ಹೀಗೆ ಕುಗ್ಗಲ್ಲ.

ಮನೆಗೆ ಬಂದವಳೇ ಚಪ್ಪಲಿ ಬಿಡುವ ಮುಂಚೆ ಅಂಗಡಿಯ ಮೂಲೆಗೆ ಹೋಗಿ ಚೂರುಬಟ್ಟೆಯ ಮೂಟೆ ಬಿಚ್ಚಿದೆ. ಎಂಟು ವಾರದ ಚೂರುಗಳು. ತಳದಲ್ಲಿ ಸಿಕ್ಕಿತು, ಆ ಸೊಟ್ಟ ತೋಳು. ಮೇಜಿನ ಮೇಲೆ ಹರಡಿದೆ. ಒಂದು ಕುರ್ಚಿ ಎಳೆದುಕೊಂಡು ಅವರಂತೆಯೇ ಮೇಜಿನ ಮುಂದೆ ಕೂತು, ಇನ್ನೊಂದು ಕುರ್ಚಿಯ ಮೇಲೆ ಕಾಲು ಚಾಚಿ, ಕತ್ತರಿ ಹಿಡಿದು ನೋಡಿದೆ. ಮೇಜು ನನ್ನ ಎದೆಯ ಮಟ್ಟಕ್ಕಿತ್ತು. ಕೈ ಪೂರ್ತಿ ಚಾಚಿದರೂ ಭುಜದ ಡೊಂಕಿನ ಹತ್ತಿರ ಕತ್ತರಿ ತಾನಾಗಿ ಕೆಳಗೆ ಜಾರುತ್ತಿತ್ತು. ಸರಿಯಾಗಿ ಆ ತೋಳು ಸೊಟ್ಟವಾದ ಕಡೆಯೇ.

ಮಾಸ್ತರು ಬಾಗಿಲ ಪಕ್ಕದ ತಮ್ಮ ಕುರ್ಚಿಯಲ್ಲಿ, ಚಾಕಿನ ಗುರುತಿನ ಒಳಗೆ, ಕಾಲೆತ್ತಿಟ್ಟು ನನ್ನನ್ನೇ ನೋಡುತ್ತಿದ್ದರು.

"ಹನ್ನೊಂದು ಕೋಟಿಂದು ಹೇಗೋ ಆಯ್ತು" ಎಂದರು. "ಹನ್ನೆರಡನೇದರ ಹೊತ್ತಿಗೆ ನನ್ನ ತೋಳು ಸೋತುಹೋಯ್ತು."

"ಹೇಳಬಾರದಿತ್ತಾ ನನಗೆ?"

"ಹೇಳಿದ್ದೆನಲ್ಲೇ. ಕೂತೇ ಕತ್ತರಿಸಿದೆ ಅಂತ ಮೂರು ಸಲ ಹೇಳಿದೆ."

ಹೌದು, ಹೇಳಿದ್ದರು. ಮೊದಲ ಸಲ ನಕ್ಕಿದ್ದೆ, ಎರಡನೆಯ ಸಲ ಕಿರುಚಿದ್ದೆ, ಮೂರನೆಯ ಸಲ ಎದ್ದು ಹೋಗಿದ್ದೆ. ಹುಣ್ಣು ಸುಳ್ಳು ಹೇಳುತ್ತದೆಯೇ ಎಂದು ಕೇಳಿದವಳು, ಗಂಡ ಸುಳ್ಳು ಹೇಳುತ್ತಾನೆಂದು ಎಂಟು ವಾರ ನಂಬಿಕೊಂಡಿದ್ದೆ. ನಲವತ್ತು ವರ್ಷ ಒಂದು ಗೆರೆ ತಪ್ಪದವರು ನನ್ನ ಮಾತಿಗೆ ಕಟ್ಟುಬಿದ್ದು ಕೂತರು, ಕೂತು ತಮ್ಮ ಹೆಸರಿಗೇ ಕೇಡು ತರುವ ಒಂದು ತೋಳು ಕತ್ತರಿಸಿದರು. ಅದನ್ನೇ ನಾನು ಅವರ ಮೂಗಿನ ಮುಂದೆ ಆಡಿಸಿದ್ದೆ. ಕಣ್ಣು ತುಂಬಿ ಬಂತು, ಅದಕ್ಕೂ ಸಿಟ್ಟು ಬಂತು.

"ತಪ್ಪಾಯ್ತು ರೀ" ಎಂದೆ.

ಅವರು ಕಿವಿಗೆ ಕೈ ಹಿಡಿದರು. "ಏನಂದೆ? ಇನ್ನೊಂದು ಸಲ ಹೇಳು."

"ಮಾರ್ಜಿನ್ನೆಲ್ಲ ಸೇರಿಸಿ ಒಂದೇ ಸಲ ಹೇಳಿದೀನಿ. ಮತ್ತೆ ಹೇಳಲ್ಲ."

ಅವರು ಜೋರಾಗಿ ನಕ್ಕು, ಕಾಲು ಕೆಳಗಿಳಿಸಿ, ನನ್ನ ಕಡೆ ಬರಲೆಂದು ಕುರ್ಚಿಯ ಕೈ ಹಿಡಿದು ಏಳಲು ಹೋದರು.

"ಕೂತ್ಕೊಳ್ರೀ!" ಎಂದು ಕಿರುಚಿದೆ.

ಕೂತರು.